ಆಫೀಸಿನದ್ದು ಮಾತ್ರ ಪ್ರಾಕ್ಸಿಗೆ, ಉಳಿದದ್ದು ನೇರ

ಮನೆಯಿಂದ ಕೆಲಸ ಮಾಡುವಾಗ ನನಗೆ ಬೇಕಿದ್ದದ್ದು ಆಫೀಸಿನೊಳಗಿನ ನಾಲ್ಕೈದು ಸರ್ವರ್‌ಗಳು ಮಾತ್ರ. ಲ್ಯಾಪ್‌ಟಾಪನ್ನು ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಇತ್ತು. ಆದರೆ ಅದನ್ನು ಆನ್ ಮಾಡಿದರೆ ವಿಡಿಯೋ ಕಾಲ್, ಅಪ್‌ಡೇಟ್ ಎಲ್ಲವೂ ಸುಮ್ನೆ ಆಫೀಸು ಸುತ್ತಿ ಹೋಗುತ್ತಿದ್ದವು. ಸಾಲದ್ದಕ್ಕೆ ನನ್ನ ರೂಟರ್ ಕೊಡುವ ವಿಳಾಸವೂ 192.168.1ರಿಂದಲೇ ಶುರು, ಆಫೀಸಿನ ಒಂದು ನೆಟ್‌ವರ್ಕ್‌ನದ್ದೂ ಅದೇ. ಯಾವುದು ಮನೆಯದ್ದು, ಯಾವುದು ಆಫೀಸಿನದ್ದು ಎಂದು ಲ್ಯಾಪ್‌ಟಾಪ್‌ಗೆ ಗೊಂದಲ.

ಹೊರಗಿನಿಂದ ಒಳಹೋಗಲು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಬಳಸುವ ಒಂದು ಜಂಪ್ ಸರ್ವರ್, ಅಂದರೆ ಬಾಗಿಲಿನಂಥ ಸರ್ವರ್ ಇತ್ತು. ಅಡ್ಮಿನ್ ಹತ್ತಿರ ಕೇಳಿ ಒಪ್ಪಿಗೆ ಪಡೆದೆ. ಇದನ್ನು ಕದ್ದುಮುಚ್ಚಿ ಮಾಡಬೇಡಿ. ಎಸ್‌ಎಸ್‌ಎಚ್ ಕಮಾಂಡ್‌ಗೆ ಮೈನಸ್ ದೊಡ್ಡಕ್ಷರದ ಡಿ, ಮುಂದೆ 1080 ಅಂತ ಕೊಟ್ಟರೆ ಸಾಕು, ನಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ಸಾಕ್ಸ್ ಪ್ರಾಕ್ಸಿ ಎದ್ದು ನಿಲ್ಲುತ್ತದೆ. ನಾವು ಕೇಳಿದ್ದನ್ನು ಎಸ್‌ಎಸ್‌ಎಚ್ ಟನಲ್ (ಸುರಂಗ) ಮೂಲಕ ಆಫೀಸಿಗೆ ದಾಟಿಸುವ ಮಧ್ಯವರ್ತಿ ಅದು.

ಯಾವುದು ಪ್ರಾಕ್ಸಿಗೆ, ಯಾವುದು ನೇರ ಎಂದು ಬ್ರೌಸರ್‌ಗೆ ಹೇಳಲು ಪ್ಯಾಕ್ ಫೈಲ್ ಬರೆದೆ. ಚಿಕ್ಕ ಜಾವಾಸ್ಕ್ರಿಪ್ಟ್ ಫಂಕ್ಷನ್ ಅಷ್ಟೆ. 1996ರ ನೆಟ್‌ಸ್ಕೇಪ್ ಕಾಲದ್ದು, ಇವತ್ತಿಗೂ ನಡೆಯುತ್ತಿದೆ!

ನಾನು ಎಡವಿದ್ದು ಇಲ್ಲೇ. 'ವಿಳಾಸ 10ರಿಂದ ಶುರುವಾದರೆ ಪ್ರಾಕ್ಸಿಗೆ' ಎಂದು ಇಸ್‌ಇನ್‌ನೆಟ್ ಎಂಬ, ವಿಳಾಸ ಯಾವ ನೆಟ್‌ವರ್ಕ್‌ನದ್ದು ಎಂದು ನೋಡುವ ಫಂಕ್ಷನ್ ಬಳಸಿ ಬರೆದಿದ್ದೆ. ಆಮೇಲೆ ಯಾವ ಸೈಟ್ ತೆರೆದರೂ ತಡ, ಆಫೀಸಿನ ಪುಟಗಳಂತೂ ಬರಲೇ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಆ ಫಂಕ್ಷನ್‌ಗೆ ಹೆಸರು ಕೊಟ್ಟರೆ ಅದು ಮೊದಲು ನನ್ನ ಮನೆಯ ಡಿಎನ್‌ಎಸ್‌ನಲ್ಲೇ (ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ಹುಡುಕುತ್ತದೆ. ಆಫೀಸಿನೊಳಗಿನ ಹೆಸರು ಅದಕ್ಕೆಲ್ಲಿ ಗೊತ್ತು? ಆ ಸಾಲು ಕಿತ್ತುಹಾಕಿ, ಹೆಸರಿನ ಕೊನೆಯ ಡೊಮೇನ್ ಮಾತ್ರ ನೋಡುವಂತೆ ಬದಲಿಸಿದೆ.

ಫೈರ್‌ಫಾಕ್ಸ್‌ನಲ್ಲಿ ಡಿಎನ್‌ಎಸ್ ಕೂಡ ಸಾಕ್ಸ್ ಮೂಲಕವೇ ಹೋಗಲಿ ಎನ್ನುವ ಟಿಕ್ ಇದೆ, ಅದನ್ನೂ ಹಾಕಿದೆ. ಕರ್ಲ್ ಎಂಬ ಕಮಾಂಡ್‌ನಲ್ಲಿ (ಟೈಪ್ ಮಾಡಿ ವೆಬ್ ಪುಟ ತರಿಸಲು) ಸಾಕ್ಸ್5 ಬದಲು ಸಾಕ್ಸ್5ಎಚ್ ಎಂದು ಬರೆಯಬೇಕು. ಒಂದು ಅಕ್ಷರದ ವ್ಯತ್ಯಾಸ, ಆದರೆ ಹೆಸರು ಹುಡುಕುವ ಕೆಲಸ ಆಚೆ ತುದಿಗೆ ಹೋಗುತ್ತದೆ. ಹಾಗಾಗಿ ಎರಡೂ ಕಡೆ 192.168.1 ಇದ್ದ ತಾಪತ್ರಯವೂ ತಾನಾಗೇ ಹೋಯಿತು. ವಿಳಾಸ ಯಾವುದೆಂದು ನನ್ನ ಲ್ಯಾಪ್‌ಟಾಪ್ ನೋಡುವುದೇ ಇಲ್ಲ ಅಲ್ವಾ?

ಸರ್ವರ್ ಉತ್ತರಿಸುತ್ತದೆಯೇ ಎಂದು ಪಿಂಗ್ ಮಾಡಿ ಪರೀಕ್ಷಿಸಲು ಹೋಗಬೇಡಿ. ಪಿಂಗ್ ಸಾಕ್ಸ್ ಮೂಲಕ ಹೋಗುವುದಿಲ್ಲ. ಅದು ಗೊತ್ತಿಲ್ಲದೆ, ಸರಿಯಾಗಿ ನಡೆಯುತ್ತಿದ್ದ ಟನಲ್ಲನ್ನು ನಾನು ಎರಡು ಸಲ ಕಿತ್ತು ಮತ್ತೆ ಕಟ್ಟಿದ್ದೆ.

ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಟನಲ್ ಸತ್ತಿರುತ್ತದೆ. ಅದಕ್ಕೆ ಆಟೋಎಸ್‌ಎಸ್‌ಎಚ್ ಹಾಕಿದ್ದೇನೆ. ಅದೇ ಮತ್ತೆ ಎಬ್ಬಿಸುತ್ತದೆ.