ಕರಿ ಇಶಾಡದ ಪರಿಮಳ ಉಳಿಸಿಕೊಂಡ ಬಗೆ

ಕೆಲವು ವರ್ಷಗಳ ಹಿಂದೆ ಅಂಕೋಲೆಯಿಂದ ಕಾರವಾರದ ನಮ್ಮ ಮನೆಗೆ ನಾಲ್ಕು ಡಜನ್ ಕರಿ ಇಶಾಡ ಮಾವು ತಂದು, ಅದರಲ್ಲಿ ಮೂರು ಡಜನ್ ಕೈಯಾರೆ ಹಾಳು ಮಾಡಿದೆ. ಮೇ ತಿಂಗಳ ಸೆಕೆಗೆ ಎಲ್ಲಿ ಕೊಳೆತುಹೋಗುತ್ತವೋ ಎಂದು ಹೆದರಿ, ಇನ್ನೂ ಗಟ್ಟಿಯಾಗಿದ್ದ ಕಾಯಿಗಳನ್ನು ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿಗೆ ಸೇರಿಸಿದ್ದೆ. ವಾರ ಕಳೆದು ತೆಗೆದರೆ ಸಿಪ್ಪೆಯ ಮೇಲೆಲ್ಲ ಕಂದು ಗುಳಿಗಳು. ಹೊರಗಿಟ್ಟರೂ ಹಣ್ಣಾಗಲಿಲ್ಲ, ಸುಕ್ಕುಗಟ್ಟಿದವು. ಹೆಚ್ಚಿದಾಗ ಕೋಣೆ ತುಂಬಬೇಕಾಗಿದ್ದ ಆ ವಾಸನೆಯೇ ಇರಲಿಲ್ಲ.

ಮಾವು ಸೆಕೆಯ ನಾಡಿನ ಹಣ್ಣು. ಬಲಿತ ಕಾಯಿಗೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಆಗಿಬರುವುದಿಲ್ಲ. ಮನೆಯ ಫ್ರಿಜ್ಜಿನಲ್ಲಿ ಇರುವುದು ನಾಲ್ಕೈದು ಡಿಗ್ರಿ. ಆ ಚಳಿಗೆ ಸಿಕ್ಕಿದ ಕಾಯಿ ಆಮೇಲೆ ಸರಿಯಾಗಿ ಮಾಗುವುದೇ ಇಲ್ಲ.

ಮರುವರ್ಷ ಹೆದ್ದಾರಿಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರಲ್ಲಿ ಇದನ್ನು ಹೇಳಿಕೊಂಡೆ. "ಹುಲ್ಲಿನ ಮೇಲೆ ಬಿಡಿಬಿಡಿಯಾಗಿ ಇಡು ತಂಗಿ. ದಿನಾ ಬೆಳಿಗ್ಗೆ ತೊಟ್ಟಿನ ಹತ್ತಿರ ಮೂಸಿ ನೋಡು" ಎಂದರು. ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ.

ಗಾಳಿಯಾಡುವ ಒಳಕೋಣೆಯಲ್ಲಿ ಒಂದು ಬೆಂಚು. ಅದರ ಮೇಲೆ ಚೆನ್ನಾಗಿ ಒಣಗಿದ ಭತ್ತದ ಹುಲ್ಲು ಹಾಸಿ, ತೊಟ್ಟು ಕೆಳಗೆ ಮಾಡಿ, ಒಂದಕ್ಕೊಂದು ತಾಗದಂತೆ ಒಂದೇ ಸಾಲಿನಲ್ಲಿ ಜೋಡಿಸುತ್ತೇನೆ. ಇಶಾಡದ ಇನ್ನೊಂದು ಬಗೆಯಾದ ಬಿಳಿ ಇಶಾಡದ ಸಿಪ್ಪೆ ದಪ್ಪ, ಒಂದೆರಡು ಪೆಟ್ಟು ತಡೆದುಕೊಂಡೀತು. ಕರಿ ಇಶಾಡದ್ದು ತೆಳು ಸಿಪ್ಪೆ. ಮೇಲೊಂದು ಹಣ್ಣು ಕುಳಿತರೂ ಸಾಕು, ಆ ಜಾಗ ಮೆತ್ತಗಾಗಿ ಕೊಳೆಯಲು ತೊಡಗುತ್ತದೆ. ಮೇಲೆ ಹಳೆಯ ಹತ್ತಿ ಸೀರೆ ಹೊದಿಸುತ್ತೇನೆ, ಪ್ಲಾಸ್ಟಿಕ್ ಮಾತ್ರ ಬೇಡವೇ ಬೇಡ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಹೆಚ್ಚು, ಬೆವರಿದ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬೇಗ ಹರಡುತ್ತದೆ. ಇರುವೆ ಹತ್ತದಂತೆ ಬೆಂಚಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತೇನೆ.

ಬೆಳಗಿನ ತಪಾಸಣೆ ತಪ್ಪಿಸುವಂತಿಲ್ಲ. ನಾನು ಬಣ್ಣವನ್ನು ನೆಚ್ಚುವುದಿಲ್ಲ. ತೊಟ್ಟಿನ ಬುಡದಲ್ಲಿ ಸಿಹಿ ವಾಸನೆ ಬಂದು, ಹೆಗಲಿನ ಭಾಗ ಹೆಬ್ಬೆರಳಿಗೆ ತುಸು ಬಗ್ಗಿದರೆ ಹಣ್ಣಾಯಿತೆಂದೇ ಲೆಕ್ಕ. ಅದನ್ನು ಕೂಡಲೇ ಬೇರೆ ಮಾಡುತ್ತೇನೆ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ಪಕ್ಕದ ಕಾಯಿಗಳನ್ನೂ ಅವಸರಪಡಿಸುತ್ತದೆ. ನೆಂಟರು ಬರುವ ದಿನಕ್ಕೆ ಬೇಗ ಹಣ್ಣು ಬೇಕಿದ್ದರೆ ಇದೇ ಗುಣ ಉಪಯೋಗಕ್ಕೆ ಬರುತ್ತದೆ: ನಾಲ್ಕು ಕಾಯಿಗಳ ಜೊತೆ ಒಂದು ಮಾಗಿದ ಬಾಳೆಹಣ್ಣು ಇಟ್ಟು ಕಾಗದದ ಚೀಲದ ಬಾಯಿ ಮಡಚುತ್ತೇನೆ. ಕಾರ್ಬೈಡ್ ಇಟ್ಟು ಮಾಗಿಸುವುದಕ್ಕಂತೂ ಕಾನೂನಿನಲ್ಲೇ ನಿಷೇಧವಿದೆ.

ಫ್ರಿಜ್ಜಿನ ಸರದಿ ಬರುವುದು ಪೂರ್ತಿ ಹಣ್ಣಾದ ಮೇಲೆಯೇ. ತೊಳೆಯದೆ, ಒಂದೊಂದನ್ನೂ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತರಕಾರಿ ಡಬ್ಬದಲ್ಲಿ ಇಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ತಿನ್ನುವ ಒಂದು ಗಂಟೆ ಮೊದಲು ಹೊರಗಿಡುತ್ತೇನೆ. ತಣ್ಣಗಿದ್ದಾಗ ಪರಿಮಳ ಏಳುವುದಿಲ್ಲ, ಕರಿ ಇಶಾಡವನ್ನು ಹಾಗೆ ತಿನ್ನುವುದು ನನಗೆ ಸಂಕಟ. 2023ರಲ್ಲಿ ಇದಕ್ಕೆ, ಇಂಥ ಊರಿನದೇ ವಿಶೇಷವೆಂದು ಗುರುತಿಸುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಾಗ ನನಗೆ ಮೊದಲು ನೆನಪಾದದ್ದು ಈ ಪರಿಮಳವೇ.

ಜೂನ್ ಮಳೆ ಹಿಡಿಯುವ ಮೊದಲು ಉಳಿದದ್ದನ್ನೆಲ್ಲ ಹಿಂಡಿ, ಸಕ್ಕರೆ ಸೇರಿಸದೆ, ಒಂದು ಹೊತ್ತಿಗೆ ಸಾಕಾಗುವಷ್ಟು ಸಣ್ಣ ಡಬ್ಬಗಳಲ್ಲಿ ತುಂಬಿ ಫ್ರೀಜರಿನಲ್ಲಿ ಇಡುತ್ತೇನೆ. ಗಾಳಿಮಳೆಗೆ ಕರೆಂಟು ಹೋಗಿ ಡಬ್ಬ ಕರಗಿದರೆ ಮತ್ತೆ ಗಟ್ಟಿಮಾಡಲು ಹೋಗುವುದಿಲ್ಲ. ಅಂದೇ ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಹಾಕಿ ರಸಾಯನ ಮಾಡಿ, ಪಕ್ಕದ ಮನೆಗೂ ಒಂದು ಪಾತ್ರೆ ಕಳಿಸುತ್ತೇನೆ.