ಮೊದಲು ಮೆದುಳಿನ ಗಡ್ಡೆ, ಆಮೇಲೆ ಡ್ರಿಪ್ಪು: ಕೋಲಾರದ ವೈದ್ಯನ ಅನುಭವ

ಸ್ತನ ಕ್ಯಾನ್ಸರ್ ಮೆದುಳಿಗೆ ಹರಡಿದವರಿಗೆ ರೇಡಿಯೇಷನ್, ಕೀಮೋ, ಇಮ್ಯುನೋಥೆರಪಿ ಮೂರನ್ನೂ ಕೊಡಬೇಕಾದಾಗ ನಾನು ಹೆಚ್ಚು ಯೋಚಿಸುವುದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್ ಮಾತ್ರೆಯ ಬಗ್ಗೆ. ಮುಳಬಾಗಿಲು ಕಡೆಯ ತಾಯಿಯೊಬ್ಬರ ಚಿಕಿತ್ಸೆಯಲ್ಲಿ ಇದು ನನಗೆ ಸ್ಪಷ್ಟವಾಯಿತು.

ಅವರದು ಟ್ರಿಪಲ್ ನೆಗೆಟಿವ್ ಗಡ್ಡೆ, ಅಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್2 ಎಂಬ ಮೂರು ಗ್ರಾಹಕಗಳ ಪರೀಕ್ಷೆಯೂ ನೆಗೆಟಿವ್ ಬಂದ ಬಗೆ. ಸ್ತನ ಕ್ಯಾನ್ಸರ್‌ನಲ್ಲಿ ಇಮ್ಯುನೋಥೆರಪಿಗೆ ಗಟ್ಟಿ ಆಧಾರವಿರುವುದು ಈ ಬಗೆಗೆ. ಹರಡಿದ ರೋಗದಲ್ಲಿ, ಗಡ್ಡೆಯಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನ್ ಎಷ್ಟಿದೆ ಎಂದು ತಿಳಿಸುವ ಅಂಕ 10 ಅಥವಾ ಹೆಚ್ಚಿರಬೇಕು. ಔಷಧ ದುಬಾರಿಯಾದ್ದರಿಂದ ಈ ಪರೀಕ್ಷೆಯಿಲ್ಲದೆ ಆರಂಭಿಸುವುದು ಸರಿಯಲ್ಲ ಎಂಬುದು ನನ್ನ ನಿಲುವು. ಕೀನೋಟ್-355 ಅಧ್ಯಯನದಲ್ಲಿ ಅಂಥವರಿಗೆ ಕೀಮೋ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಸೇರಿಸಿದಾಗ ಬದುಕಿನ ಮಧ್ಯಾಂಕ ಅವಧಿ 16 ತಿಂಗಳಿಂದ 23ಕ್ಕೆ ಏರಿತು. ಆದರೆ ಮೆದುಳಿನಲ್ಲಿ ಸಕ್ರಿಯ ಗಡ್ಡೆಯಿದ್ದವರನ್ನು ಅದಕ್ಕೆ ಸೇರಿಸಿಕೊಂಡಿರಲಿಲ್ಲ. ಇದನ್ನು ಅವರ ಮಗನಿಗೆ ಮೊದಲೇ ತಿಳಿಸಿದೆ.

“ಸಾರ್, ಕರೆಂಟು, ಡ್ರಿಪ್ಪು ಎರಡೂ ಒಟ್ಟಿಗೇ ಕೊಟ್ಟುಬಿಡಿ” ಎಂದು ಮಗ ಕೇಳಿಕೊಂಡರು. ಕರೆಂಟು ಎಂದರೆ ರೇಡಿಯೇಷನ್, ಡ್ರಿಪ್ಪು ಎಂದರೆ ರಕ್ತನಾಳದ ಮೂಲಕ ಕೊಡುವ ಔಷಧ. ಮೆದುಳಿನ ರಕ್ತನಾಳಗಳ ಬಿಗಿಯಾದ ಗೋಡೆ ಬಹುಪಾಲು ಕೀಮೋ ಔಷಧಗಳನ್ನು ಸರಾಗವಾಗಿ ಒಳಬಿಡುವುದಿಲ್ಲ, ರೇಡಿಯೇಷನ್‌ಗೆ ಆ ತಡೆಯಿಲ್ಲ ಎಂದು ವಿವರಿಸಿ, ಗಡ್ಡೆಗಳು ಕೆಲವೇ ಇದ್ದು ಚಿಕ್ಕವೂ ಆಗಿದ್ದುದರಿಂದ, ನೆನಪಿನ ಶಕ್ತಿಗೆ ಆದಷ್ಟು ಕಡಿಮೆ ಪೆಟ್ಟಾಗಲೆಂದು, ಗಡ್ಡೆಗಳಿಗಷ್ಟೇ ಗುರಿಯಿಡುವ ಸ್ಟೀರಿಯೊಟ್ಯಾಕ್ಟಿಕ್ ರೇಡಿಯೇಷನ್‌ಗೆ ಬೆಂಗಳೂರಿಗೆ ಕಳುಹಿಸಿದೆ.

ಮೆದುಳಿನ ಊತಕ್ಕೆ ಕೊಡುವ ಡೆಕ್ಸಾ ತಲೆನೋವು, ವಾಂತಿಗಳನ್ನು ಬೇಗ ಇಳಿಸುತ್ತದೆ. ಹಾಗಾಗಿ ಮನೆಯವರು ಅದನ್ನು ಬಿಡಲು ಹೆದರುತ್ತಾರೆ. ಆದರೆ ಇಮ್ಯುನೋಥೆರಪಿ ಯಾವ ರೋಗನಿರೋಧಕ ಕಣಗಳನ್ನು ನೆಚ್ಚಿಕೊಂಡಿದೆಯೋ ಅವನ್ನೇ ಈ ಮಾತ್ರೆ ತಗ್ಗಿಸುತ್ತದೆ. ದಿಢೀರನೆ ನಿಲ್ಲಿಸಿದರೆ ಊತ ಮರುಕಳಿಸಬಹುದು, ದೇಹದ ಸ್ವಂತ ಸ್ಟೆರಾಯ್ಡ್ ಸಾಲದೆ ರೋಗಿ ಕುಸಿಯಬಹುದು. ಆದ್ದರಿಂದ ಯಾವ ದಿನ ಎಷ್ಟು ಮಾತ್ರೆ ಎಂದು ಕನ್ನಡದಲ್ಲಿ ಬರೆದುಕೊಟ್ಟು, ದಿನಕ್ಕೆ ಸುಮಾರು 1.5 ಮಿಲಿಗ್ರಾಂಗಿಂತ ಕೆಳಗಿಳಿದ ಮೇಲಷ್ಟೇ ಮೂರು ವಾರಕ್ಕೊಮ್ಮೆ 200 ಮಿಲಿಗ್ರಾಂ ಪೆಂಬ್ರೊಲಿಜುಮ್ಯಾಬ್ ಆರಂಭಿಸಿದೆ. ಸಾಮಾನ್ಯ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮುನ್ನ ಅಲರ್ಜಿ ತಡೆಯಲು ಮತ್ತೆ ಸ್ಟೆರಾಯ್ಡ್ ಬೇಕಾಗುತ್ತದೆ. ಅದನ್ನು ತಪ್ಪಿಸಲು, ಅದೇ ಕೀಮೋ ಔಷಧವನ್ನು ಆಲ್ಬುಮಿನ್ ಪ್ರೋಟೀನ್‌ಗೆ ಅಂಟಿಸಿ ತಯಾರಿಸಿದ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಆರಿಸಿಕೊಂಡೆ. ಇಮ್ಯುನೋಥೆರಪಿಯಿಂದ ಕೆರಳಿದ ರೋಗನಿರೋಧಕ ಕಣಗಳು ಥೈರಾಯ್ಡ್, ಕರುಳು, ಶ್ವಾಸಕೋಶಗಳ ಮೇಲೂ ಎರಗಬಹುದಾದ್ದರಿಂದ ಥೈರಾಯ್ಡ್ ಪರೀಕ್ಷೆ ಆಗಾಗ ನಡೆಯುತ್ತಿತ್ತು; ಭೇದಿಯೋ ಒಣಕೆಮ್ಮೋ ಕಂಡರೆ ಊರಿನ ಔಷಧಿ ಅಂಗಡಿಗೆ ಹೋಗದೆ ನಮಗೇ ಫೋನ್ ಮಾಡಬೇಕೆಂದು ಹೇಳಿದ್ದೆ.

ತಿಂಗಳುಗಳ ನಂತರ ಎಂಆರ್‌ಐಯಲ್ಲಿ ರೇಡಿಯೇಷನ್ ಕೊಟ್ಟ ಜಾಗವೇ ದೊಡ್ಡದಾಗಿ ಕಂಡಿತು. ಗಡ್ಡೆ ಬೆಳೆದರೂ, ರೇಡಿಯೇಷನ್‌ನಿಂದ ಅಂಗಾಂಶ ಸತ್ತರೂ ಚಿತ್ರ ಒಂದೇ ತೆರನಾಗಿರುತ್ತದೆ. ಎರಡನೆಯದರ ಸಾಧ್ಯತೆ ಇಮ್ಯುನೋಥೆರಪಿ ಜೊತೆಗೂಡಿದಾಗ ಹೆಚ್ಚು ಎಂಬ ಎಚ್ಚರ ನಮಗಿತ್ತು. ರಕ್ತದ ಹರಿವನ್ನು ಅಳೆಯುವ ಪರ್ಫ್ಯೂಷನ್ ಎಂಆರ್‌ಐ ಮಾಡಿಸಿದೆವು. ಅಲ್ಲಿ ರಕ್ತದ ಹರಿವು ಕಡಿಮೆಯಿತ್ತು, ಅಂದರೆ ಗಡ್ಡೆ ಬೆಳೆದಿರುವುದಕ್ಕಿಂತ ಅಂಗಾಂಶ ಸತ್ತಿರುವ ಸಾಧ್ಯತೆಯೇ ಹೆಚ್ಚು; ತಾಯಿಗೂ ತೊಂದರೆಯಿರಲಿಲ್ಲ. ಔಷಧ ಮುಂದುವರಿಸಿ, ಮುಂದಿನ ಸ್ಕ್ಯಾನನ್ನು ಬೇಗನೆ ಮಾಡಿಸಿದೆ. ಆ ಜಾಗ ಕುಗ್ಗಿತ್ತು.