ಟೆಲಿಸ್ಕೋಪ್ ಇಲ್ಲದೆ ಆಕಾಶದ ಫೋಟೋ ತೆಗೆಯೋದು ಹೇಗೆ?

ಸ್ವಂತ ಟೆಲಿಸ್ಕೋಪ್ ಇಲ್ಲ ಅಂತ ಸುಮ್ನೆ ಕೂರಬೇಡಿ. ಹಾರ್ವರ್ಡ್-ಸ್ಮಿತ್ಸೋನಿಯನ್ ಖಗೋಳ ಕೇಂದ್ರದ ಮೈಕ್ರೋಅಬ್ಸರ್ವೇಟರಿ ದೂರದಿಂದಲೇ ನಡೆಸಬಹುದಾದ ಪುಟ್ಟ ಟೆಲಿಸ್ಕೋಪ್‌ಗಳ ಜಾಲ. ಯಾವುದರ ಚಿತ್ರ ಬೇಕು ಅಂತ ಆರಿಸಿ ಕಳಿಸಿದರೆ, ಅದು ರಾತ್ರಿ ಚಿತ್ರ ತೆಗೆದು ಇಮೇಲ್‌ನಲ್ಲಿ ತಿಳಿಸುತ್ತದೆ. ದುಡ್ಡು ಕೊಡಬೇಕಿಲ್ಲ.

ಮೊದಲ ಸಲ ಎಲ್ಲರೂ ಆಂಡ್ರೊಮಿಡಾ ಗ್ಯಾಲಕ್ಸಿಯನ್ನೇ ಕೇಳುತ್ತಾರೆ. ಅದು ಆಕಾಶದಲ್ಲಿ ಸುಮಾರು 3 ಡಿಗ್ರಿ ಅಗಲ, ಅಂದರೆ ಹುಣ್ಣಿಮೆ ಚಂದ್ರನ ಆರು ಪಟ್ಟು. ಚೌಕಟ್ಟಿನಲ್ಲಿ ಹಿಡಿಸೋದು ನಡುಭಾಗ ಮಾತ್ರ. ಅದಕ್ಕಿಂತ ಆಕಾಶದಲ್ಲಿ ಚಿಕ್ಕದಾಗಿ ಕಾಣುವ ಎಂ51 ಸುರುಳಿ ಗ್ಯಾಲಕ್ಸಿ ಒಳ್ಳೆಯದು. ಮಸುಕಾದ ವಸ್ತುಗಳಿಗೆ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸಮಯ, ಆದಷ್ಟೂ ಉದ್ದ ಇಡಿ. ಚಂದ್ರ ಜಾಸ್ತಿ ಬೆಳಗುವ ರಾತ್ರಿಗಳನ್ನು ಬಿಟ್ಟುಬಿಡಿ.

ಬಂದ ಚಿತ್ರ ಬರೀ ಕಪ್ಪಾಗಿ ಕಂಡರೆ ಅಳಿಸಬೇಡಿ! ಮಾಮೂಲಿ ಜೆಪೆಗ್ ಬದಲು, ಕ್ಯಾಮೆರಾ ಅಳೆದ ಬೆಳಕಿನ ಪೂರ್ತಿ ಮಾಹಿತಿ ಇರುವ ಫಿಟ್ಸ್ ಫೈಲ್ ಇಳಿಸಿಕೊಂಡು, ಮಸುಕಾದ ಭಾಗಗಳನ್ನು ಎತ್ತಿ ತೋರಿಸುವ ಲಾಗ್ ಸ್ಕೇಲ್‌ನಲ್ಲಿ ತೆರೆಯಿರಿ. ಏನೂ ಇಲ್ಲ ಅನ್ನಿಸಿದ ಕಡೆ ಸುರುಳಿಯ ತೋಳುಗಳು ನಿಧಾನಕ್ಕೆ ಮೂಡುತ್ತವೆ. ನನಗಂತೂ ಈ ಕೆಲಸದಲ್ಲಿ ಇದೇ ತುಂಬಾ ಇಷ್ಟ. ಬಣ್ಣ ಬೇಕಿದ್ದರೆ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಲ್ಲಿ ಒಂದೊಂದು ತೆಗೆಸಿ ಒಟ್ಟುಗೂಡಿಸಿ.

ಇನ್ನು ಮೇಲಿನಿಂದ ಭೂಮಿ ನೋಡೋಕೆ, ಉಪಗ್ರಹ ಚಿತ್ರಗಳನ್ನು ತೋರಿಸುವ ಯುರೋಪಿನ ಜಾಲತಾಣ ಕೋಪರ್ನಿಕಸ್ ಬ್ರೌಸರ್ ಇದೆ, ಇದೂ ಉಚಿತ. ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್. ಮೋಡ ಕಡಿಮೆ ಇರುವ ದಿನ ಆರಿಸಿ, ಫಾಲ್ಸ್ ಕಲರ್ ಒತ್ತಿ. ಇದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕೆಂಪಾಗಿ ತೋರಿಸುತ್ತದೆ. ಹಸಿರೆಲೆ ಆ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಹಾಗಾಗಿ ಕಾಡು, ಬೆಳೆ ಎಲ್ಲ ಕಡುಗೆಂಪಾಗಿ ಕಾಣುತ್ತವೆ. ಒಂದೇ ಕೆರೆಯನ್ನು ಬೇಸಿಗೆಯಲ್ಲೂ ಮಳೆ ಮುಗಿದ ಮೇಲೂ ನೋಡಿ, ನೀರಿನ ಅಂಚು ಎಷ್ಟು ಸರಿದಿದೆ ಅಂತ ನೀವೇ ಅಳೆಯಬಹುದು.